ಬಿಡುವ ಕೆಲಸ

ಮಾರ್ಚ್ 4, ಸೋಮವಾರ

ಇವತ್ತಿನಿಂದ ಚಿಕ್ಕಮ್ಮನ ಶೆಡ್ಡಿನಲ್ಲಿ ಕೆಲಸ. ನಾನು ಕೇಳಿದ್ದಲ್ಲ, ಅಮ್ಮ ಕೊಡಿಸಿದ್ದು. ಚಿಕ್ಕಮ್ಮ ಅಮ್ಮನಿಗಿಂತ ಚಿಕ್ಕವಳಾದ್ದರಿಂದ ಬೇಡ ಅನ್ನುವ ಧೈರ್ಯ ಅವಳಿಗೂ ಇರಲಿಲ್ಲ.

ಅಮ್ಮ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಪರಿಚಯ ಮಾಡಿಸಿದ ರೀತಿ ಹೀಗಿತ್ತು: "ನೋಡು, ಇವಳು ಶಾಲೆ ಬಿಟ್ಟಳು. ಟೈಲರ್ ಅಂಗಡಿ ಬಿಟ್ಟಳು. ಮೊಬೈಲ್ ರಿಪೇರಿ ಕಲೀತೀನಿ ಅಂತ ಹೋದಳು, ಅದನ್ನೂ ಬಿಟ್ಟಳು. ಕೈಗೆ ಏನು ಕೊಟ್ಟರೂ ಬಿಡ್ತಾಳೆ. ಇನ್ನು ನೀನುಂಟು, ಅವಳುಂಟು."

ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತಾ, "ಅಂಥವರೇ ನನಗೆ ಬೇಕಾಗಿತ್ತು," ಅಂದಳು.

ಅಮ್ಮನ ಸಮಾಧಾನಕ್ಕೆ ಹೇಳಿದಳು ಅಂದುಕೊಂಡೆ. ಅಲ್ಲ, ಕೆಲಸವೇ ಅದು. ಒಳಗೆ ಗಾಜಿನ ಗೋಳ ಇಟ್ಟ ಪೆಟ್ಟಿಗೆಯನ್ನು ಎದೆಯ ಎತ್ತರಕ್ಕೆ ಎತ್ತಿ ಕೈ ಬಿಡಬೇಕು. ಬಿದ್ದ ಮೇಲೆ ತೆರೆದು ನೋಡಬೇಕು. ಗೋಡೆಯ ಕಪ್ಪು ಹಲಗೆಯ ಮೇಲೆ 'ಒಡೆಯಿತು' ಅಥವಾ 'ಉಳಿಯಿತು' ಅಂತ ಬರೆಯಬೇಕು. ಹಲಗೆ ತುಂಬ 'ಒಡೆಯಿತು'.

"ಇದುವರೆಗೆ ಒಂದೂ ಉಳಿದಿಲ್ವಾ?" ಅಂದೆ.

"ಒಂದು ಉಳೀತು. ಆಮೇಲೆ ನೋಡಿದರೆ ಒಳಗೆ ಗೋಳ ಇಡೋದನ್ನೇ ಮರೆತಿದ್ದೆ."

ಮಧ್ಯಾಹ್ನದವರೆಗೆ ಬಿಟ್ಟೆ. ಎಲ್ಲ ಒಡೆಯಿತು. ಹುಟ್ಟಿದಾಗಿನಿಂದ ಯಾರೂ ನನಗೆ ಗಾಜು ಒಡೆಯೋಕೆ ಹೇಳಿರಲಿಲ್ಲ. ಆ ಶಬ್ದ ಇದೆಯಲ್ಲ, ಪೆಟ್ಟಿಗೆಯೊಳಗಿನಿಂದ ಬರುವ ಸಣ್ಣ ಛಿಲ್, ಅದಕ್ಕೆ ನಾನು ಸಂಬಳ ಇಲ್ಲದೆಯೂ ಬರ್ತಿದ್ದೆ. ಇದನ್ನು ಚಿಕ್ಕಮ್ಮನಿಗೆ ಹೇಳಿಯೂಬಿಟ್ಟೆ. ಹೇಳಬಾರದಿತ್ತು ಅಂತ ಆಮೇಲೆ ಹೊಳೆಯಿತು.

ಮಾರ್ಚ್ 5, ಮಂಗಳವಾರ

ಪೆಟ್ಟಿಗೆಗಳನ್ನು ಇಲ್ಲಿ ಯಾರೂ ಮಾಡುವುದಿಲ್ಲ. ಅವು ಬೆಳೆಯುತ್ತವೆ. ನಿನ್ನೆ ಇದನ್ನು ನಂಬಿರಲಿಲ್ಲ, ಇವತ್ತು ಕಣ್ಣಾರೆ ನೋಡಿದೆ.

ಮರದ ಪುಡಿ, ಒಣಹುಲ್ಲಿನ ಚೂರು, ಎರಡನ್ನೂ ಒದ್ದೆ ಮಾಡಿ ಹಬೆಯಲ್ಲಿ ಬೇಯಿಸುತ್ತಾರೆ. ಆರಿದ ಮೇಲೆ ಅದಕ್ಕೆ ಅಣಬೆಯ ಬೀಜ ಕಲಸಿ ಮರದ ಅಚ್ಚಿಗೆ ತುಂಬಿ ಕತ್ತಲಲ್ಲಿ ಇಡುತ್ತಾರೆ. ಒಂದು ವಾರದಲ್ಲಿ ಅಣಬೆಯ ಬೇರು ಬಿಳಿ ನೂಲಿನ ಹಾಗೆ ಹಬ್ಬಿ ಪುಡಿಯನ್ನೆಲ್ಲ ಕಚ್ಚಿ ಹಿಡಿಯುತ್ತದೆ. ಆಗ ಅಚ್ಚು ಬಿಚ್ಚಿ ಒಲೆಯಲ್ಲಿ ಒಣಗಿಸಿದರೆ ಬೆಳೆಯುವುದು ನಿಲ್ಲುತ್ತದೆ. ಥರ್ಮಾಕೋಲಿನಷ್ಟು ಹಗುರ, ಆದರೆ ಬೇಡವಾದಾಗ ಮುರಿದು ಗಿಡದ ಬುಡಕ್ಕೆ ಹಾಕಬಹುದು.

ಬೀಜಕ್ಕೆ ಚಿಕ್ಕಮ್ಮ 'ಹೆಪ್ಪು' ಅನ್ನುತ್ತಾಳೆ. "ಹಾಲಿಗೆ ಹಾಕ್ತೀವಲ್ಲ, ಹಾಗೇ. ಬಿಸಿ ಇದ್ದರೆ ಸಾಯುತ್ತೆ, ಅಲ್ಲಾಡಿಸಿದರೆ ಮುನಿಸಿಕೊಳ್ಳುತ್ತೆ." ಅಚ್ಚು ಮಾಡಿಕೊಡುವ ಬಡಗಿ ಮಾಮ ಮಾತ್ರ 'ಬೂಷ್ಟು' ಅಂತಲೇ ಅನ್ನೋದು. "ನಮ್ಮನೇಲಿ ಬೂಷ್ಟು ಬಂದರೆ ಹೆಂಡತಿ ನನ್ನ ಕುಣಿಸ್ತಾಳೆ. ಇಲ್ಲಿ ಬಂದರೆ ನಿಮ್ಮ ಚಿಕ್ಕಮ್ಮನೇ ಕುಣೀತಾರೆ," ಅಂದ.

ಚಿಕ್ಕಮ್ಮ ಕುಣಿಯೋದು ನಿಜ. ಬಿಳಿ ಹಬ್ಬಿದ ಒಂದು ಅಚ್ಚು ತೆರೆದಾಗ ಒಂದು ಸುತ್ತು ಹಾಕಿದಳು. ಒಲೆಯಲ್ಲಿ ಒಣಗಿದ ಮೇಲೆ ನಾನು ಅದನ್ನು ಬಿಟ್ಟೆ. ಒಡೆಯಿತು.

ಮಾರ್ಚ್ 8, ಶುಕ್ರವಾರ

ಚಹಾ ಕುಡಿಯುವಾಗ ಚಿಕ್ಕಮ್ಮ ಎಲ್ಲ ಹೇಳಿದಳು. ಅವಳು ಥರ್ಮಾಕೋಲ್ ಕಾರ್ಖಾನೆಯಲ್ಲಿ ಪೆಟ್ಟಿಗೆಗಳ ಆಕಾರ ಬರೆಯುತ್ತಿದ್ದದ್ದು ನನಗೆ ಗೊತ್ತಿತ್ತು. ಯಾಕೆ ಬಿಟ್ಟಳು ಅಂತ ಗೊತ್ತಿರಲಿಲ್ಲ.

"ಬಿಟ್ಟಿಲ್ಲ, ಒಂದು ವರ್ಷ ರಜೆ ಹಾಕಿದೀನಿ. ನಾನು ಮೊದಲು ಬರೆದ ಆಕಾರ ಯಾವುದು ಗೊತ್ತಾ? ಮೇಜಿನ ಫ್ಯಾನು ಕೂರೋಕೆ ಒಂದು ತಟ್ಟೆ. ಕೆಲಸಕ್ಕೆ ಸೇರಿದ ಮೊದಲನೇ ವರ್ಷ. ಹೋದ ವರ್ಷ ಕಾಲುವೆ ಸೇತುವೆ ಮೇಲೆ ನಿಂತಿದ್ದೆ, ಕೆಳಗೆ ಅದೇ ತೇಲಿಕೊಂಡು ಬಂತು. ನನ್ನದೇ. ಅಂಚಲ್ಲಿ ನಾನು ಮಾಡಿದ ಬೆರಳು ಹಿಡಿಯೋ ಗುಳಿ ಸಹಿತ."

"ಹಾಳಾಗಿತ್ತಾ?"

"ಅದೇ ಕಣೇ ವಿಷಯ. ಏನೂ ಆಗಿರಲಿಲ್ಲ. ಫ್ಯಾನು ಕೆಟ್ಟು ಎಷ್ಟು ವರ್ಷ ಆಯ್ತೋ. ಇದು ಮದುವೆಗೆ ಹೊರಟ ಹಾಗೆ ತೇಲ್ತಾ ಇತ್ತು."

ನನಗೆ ನಗು ಬಂತು, ಅವಳಿಗೂ ಬಂತು. ಸ್ವಲ್ಪ ಹೊತ್ತಾದ ಮೇಲೆ ಅವಳು ನಗುತ್ತಿರಲಿಲ್ಲ.

ರಜೆ ಮುಂದಿನ ತಿಂಗಳು ಮುಗಿಯುತ್ತದೆ. ಏಪ್ರಿಲ್ ನಾಲ್ಕಕ್ಕೆ ದೀಪದ ಕಾರ್ಖಾನೆ ಯಜಮಾನರು ಬರುತ್ತಾರೆ. ನಾವು ಒಡೆಯುವ ಸೊಟ್ಟ ಗೋಳಗಳೆಲ್ಲ ಅವರೇ ಕಳಿಸಿದ್ದು. ಪೆಟ್ಟಿಗೆಯಲ್ಲಿ ಗೋಳ ಉಳಿದರೆ ಅವರ ದೀಪಗಳೆಲ್ಲ ಇನ್ನು ಮೇಲೆ ನಮ್ಮ ಪೆಟ್ಟಿಗೆಯಲ್ಲಿ ಹೋಗುತ್ತವೆ. ಉಳಿಯದಿದ್ದರೆ ಚಿಕ್ಕಮ್ಮ ಹಳೇ ಮೇಜಿಗೆ ವಾಪಸ್, ಮತ್ತೆ ತೇಲುವ ತಟ್ಟೆ ಬರೆಯೋಕೆ.

"ಉಳಿಯುತ್ತೆ ಅನ್ಸುತ್ತಾ ನಿನಗೆ?" ಅಂತ ಕೇಳಿದಳು.

"ಇಲ್ಲ," ಅಂದೆ.

ಶಾಲೆಯಲ್ಲೂ ಇದೇ ತೊಂದರೆ ಇತ್ತು. ಲೆಕ್ಕದ ಮೇಷ್ಟ್ರು "ಅರ್ಥ ಆಯ್ತಾ" ಅಂದರೆ ಎಲ್ಲರೂ ಹೂಂ ಅನ್ನೋರು. ನಾನು ಇಲ್ಲ ಅಂತಿದ್ದೆ. ವರ್ಷ ಪೂರ್ತಿ ಇಲ್ಲ ಅಂದೆ. ಕೊನೆಗೆ ಅವರಿಗೂ ನನಗೂ ಸಾಕಾಯಿತು.

ಮಾರ್ಚ್ 14, ಗುರುವಾರ

ಈ ವಾರ ಮುಗಿಸಿ ಬಿಟ್ಟುಬಿಡೋಣ ಅಂತಿದ್ದೆ. ಗಾಜು ಒಡೆಯೋದೂ ದಿನಾ ಒಂದೇ ತರಹ. ಆದರೆ ನಿನ್ನೆ ಚಿಕ್ಕಮ್ಮ ಒಂದು ಅಚ್ಚನ್ನು ನನ್ನ ಕೈಯಿಂದಲೇ ತುಂಬಿಸಿದಳು. ಬೆರಳಿನ ಸಂದಿಯಲ್ಲೆಲ್ಲ ಪುಡಿ. ಅದು ಮುಂದಿನ ಬುಧವಾರ ತಯಾರಾಗುತ್ತದೆ. ಹೇಗೆ ಬರುತ್ತದೋ ನೋಡಿಕೊಂಡು ಬಿಡ್ತೀನಿ.

ಮಾರ್ಚ್ 20, ಬುಧವಾರ

ಬೆಚ್ಚಗಿತ್ತು. ಅಚ್ಚು ಬಿಚ್ಚಿ ಕೈಯಿಟ್ಟರೆ ಬೆಚ್ಚಗಿತ್ತು. ಬೆಳೆಯುವಾಗ ಮೈ ಬಿಸಿ ಆಗುತ್ತದಂತೆ. ಮುಖ ಪೂರ್ತಿ ಬಿಳಿ, ಮೇಲೆ ಪೀಚ್ ಹಣ್ಣಿನ ಸಿಪ್ಪೆಯ ಮೇಲಿರುತ್ತದಲ್ಲ, ಆ ತರಹ ಸಣ್ಣ ನವಿರು. ಒಂದು ಕಡೆ ನನ್ನ ಹೆಬ್ಬೆರಳು ಒತ್ತಿದ ಗುರುತು ಹಾಗೇ ಬೆಳೆದು ಕೂತಿತ್ತು. ನನ್ನ ಹೆಬ್ಬೆರಳಿನದು. ನಾಲ್ಕು ಸಲ ಹೋಗಿ ನೋಡಿದೆ.

"ಒಲೆಗೆ ಹಾಕು," ಅಂದಳು ಚಿಕ್ಕಮ್ಮ.

"ಸಾಯಲ್ವಾ?"

"ಸಾಯಲೇಬೇಕು. ಇಲ್ಲದಿದ್ದರೆ ಗಿರಾಕಿ ಮನೇಲಿ ದೀಪದ ಜೊತೆ ಅಣಬೇನೂ ಎದ್ದು ನಿಲ್ಲುತ್ತೆ."

ಬಡಗಿ ಮಾಮ, "ಒಂದು ಕೊಂಡರೆ ಒಂದು ಉಚಿತ ಅಂತ ಬೋರ್ಡು ಹಾಕಿ," ಅಂದ.

ಮಾರ್ಚ್ 21, ಗುರುವಾರ

ಉಳಿಯಿತು ಉಳಿಯಿತು ಉಳಿಯಿತು.

ನನ್ನ ಪೆಟ್ಟಿಗೆ. ಎದೆ ಎತ್ತರದಿಂದ ಬಿಟ್ಟೆ, ಛಿಲ್ ಅನ್ನಲೇ ಇಲ್ಲ. ತೆರೆದರೆ ಗೋಳ ಪಿಳಿಪಿಳಿ ನೋಡುತ್ತಾ ಕೂತಿದೆ. ಚಿಕ್ಕಮ್ಮ ಕುಣಿದಳು, ನಾನೂ ಕುಣಿದೆ, ಬಡಗಿ ಮಾಮನ ಕೈಯಿಂದ ಉಳಿ ಕಸಿದುಕೊಂಡು ಅವನನ್ನೂ ಎಳೆದೆವು. ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಆ ಪದವನ್ನು ದೊಡ್ಡದಾಗಿ ಬರೆದೆ. ಹುಲ್ಲು ಸ್ವಲ್ಪ ಜಾಸ್ತಿ ಹಾಕಿದ್ದೆವು ಈ ಸಲ, ಅದರಿಂದಲೇ ಅನ್ನುತ್ತಾಳೆ ಚಿಕ್ಕಮ್ಮ.

ಪೆಟ್ಟಿಗೆ ನನ್ನ ಎಡಗಾಲಿನ ಮೇಲೆ ಬಿದ್ದಿತ್ತು, ಸ್ವಲ್ಪ ನೋವಿದೆ. ಪರವಾಗಿಲ್ಲ.

ಮಾರ್ಚ್ 27, ಬುಧವಾರ

ಹಲಗೆ ತುಂಬ 'ಉಳಿಯಿತು'. ಹಳೇ 'ಒಡೆಯಿತು'ಗಳನ್ನು ಒರೆಸಬೇಡ ಅಂದೆ, ಒಡೆದದ್ದು ಒಡೆದದ್ದೇ. ಚಿಕ್ಕಮ್ಮ ಎರಡರ ನಡುವೆ ಒಂದು ಗೆರೆ ಎಳೆದಳು. ಗೆರೆಯ ಈಚೆ ಎಲ್ಲ ನಮ್ಮದು.

ಈಗ ಪ್ರತಿ ಪೆಟ್ಟಿಗೆಗೂ ಹೆಸರಿಟ್ಟಿದ್ದೇನೆ. ಡುಮ್ಮ, ಕಿವುಡಿ, ಸೊಟ್ಟಮೂತಿ, ಕರಿಮಚ್ಚೆ. ಡುಮ್ಮನನ್ನು ಇವತ್ತು ಮೂರು ಸಲ ಬಿಟ್ಟೆ, ಏನೂ ಆಗಲಿಲ್ಲ, ಬಂಗಾರದಂಥವನು.

ನನಗೆ ಮಾತ್ರ ಇತ್ತೀಚೆಗೆ ಅದೇನೋ ಗ್ರಹಚಾರ. ಎರಡೂ ಪಾದ ನೀಲಿಯಾಗಿವೆ. ಅಮ್ಮ ಎಣ್ಣೆ ಹಚ್ಚುತ್ತಾ, "ಅಲ್ಲ ಕಣೇ, ಇಷ್ಟು ದೊಡ್ಡ ನೆಲ ಇರೋವಾಗ ಎಲ್ಲ ನಿನ್ನ ಕಾಲ ಮೇಲೇ ಯಾಕೆ ಬೀಳುತ್ತೆ," ಅಂದಳು. ನನಗೂ ಗೊತ್ತಿಲ್ಲ. ಬಡಗಿ ಮಾಮನೂ ಕೇಳಿದ, "ಏನು ಮರಿ, ಬಿಡುವಾಗ ಹೀಗೆ ಬಗ್ಗುತೀಯಲ್ಲ, ಸೊಂಟ ಹಿಡಿದಿದೆಯಾ?" ಸೊಂಟಕ್ಕೆ ಏನೂ ಆಗಿಲ್ಲ.

ಮಾರ್ಚ್ 31, ಭಾನುವಾರ

ರಜೆ. ಸುಮ್ಮನೆ ಶೆಡ್ಡಿನ ಕಡೆ ಹೋಗಿದ್ದೆ. ಬೀಗ ಹಾಕಿತ್ತು. ಕಿಟಕಿಯಿಂದ ಇಣುಕಿದೆ. ಕತ್ತಲಲ್ಲಿ ಏನೂ ಕಾಣಲಿಲ್ಲ. ವಾಪಸ್ ಬಂದೆ.

ಏಪ್ರಿಲ್ 4, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಯಜಮಾನರು ಹತ್ತು ಗಂಟೆಗೆ ಬಂದರು. ದಪ್ಪ ಮನುಷ್ಯ, ಮೃದು ಧ್ವನಿ. ಸೊಟ್ಟ ಗೋಳ ಬೇಡ ಅಂತ ಒಳ್ಳೆಯ ಗೋಳವನ್ನೇ ತಂದಿದ್ದರು, ತಿಳಿನೀಲಿ, ಬಾಯಿಯಿಂದ ಊದಿ ಮಾಡಿದ್ದು. ಟವೆಲಿನಲ್ಲಿ ಸುತ್ತಿ ಹಸುಗೂಸಿನ ಹಾಗೆ ಎತ್ತಿಕೊಂಡಿದ್ದರು. ಚಿಕ್ಕಮ್ಮ ಹಲಗೆ ತೋರಿಸಿದಳು. ಗೆರೆಯ ಆಚೆ, ಗೆರೆಯ ಈಚೆ. ಅವರು ತಲೆದೂಗಿದರು.

ಡುಮ್ಮನನ್ನು ಆರಿಸಿದೆವು. ಗೋಳ ಇಟ್ಟು ಮುಚ್ಚಿ ಎದೆ ಎತ್ತರಕ್ಕೆ ಎತ್ತಿದೆ. ಬಿಟ್ಟೆ. ಧಪ್ಪಂತ ನನ್ನ ಬಲಗಾಲಿನ ಮೇಲೆ ಬಿತ್ತು. ನಾನು ಒಂಟಿಕಾಲಲ್ಲಿ ಕುಪ್ಪಳಿಸುತ್ತಿರುವಾಗಲೇ ಚಿಕ್ಕಮ್ಮ ತೆರೆದಳು. ಗೋಳಕ್ಕೆ ಒಂದು ಗೀರೂ ಇಲ್ಲ. ಯಜಮಾನರು, "ಭಲೆ," ಅಂದು ಚಿಕ್ಕಮ್ಮನ ಕಡೆ ತಿರುಗಿ, "ಸರಿ ಹಾಗಾದರೆ, ನಾವು..." ಅಂತ ಶುರು ಮಾಡಿದರು.

ಆಗ ನಾನು ನನ್ನ ಕಾಲು ನೋಡಿಕೊಂಡೆ. ಪೆಟ್ಟಿಗೆ ಇದ್ದದ್ದು ಮುಂದೆ. ಕಾಲು ಇದ್ದದ್ದು ಹಿಂದೆ. ಪೆಟ್ಟಿಗೆ ಹಿಂದಕ್ಕೆ ಬಂದಿರಲಿಲ್ಲ.

"ಸರ್, ತಡೀರಿ," ಅಂದೆ. "ಇದು ಲೆಕ್ಕಕ್ಕಿಲ್ಲ."

"ಯಾಕಮ್ಮ?"

"ನಾನು ಬಿಡಲಿಲ್ಲ."

"ಏನು ಬಿಡಲಿಲ್ಲ? ಈಗ ತಾನೇ ಬಿಟ್ಟೆಯಲ್ಲ."

"ಇಲ್ಲ ಸರ್, ಇಳಿಸಿದೆ. ಸ್ವಲ್ಪ ಬಗ್ಗಿ, ಕೈಯನ್ನೂ ಅದರ ಜೊತೆ ಕೆಳಗೆ ತಗೊಂಡು ಹೋಗಿ, ಕೊನೇಲಿ ಕಾಲು ಕೊಟ್ಟೆ. ಬೇಕು ಅಂತ ಮಾಡಿದ್ದಲ್ಲ. ಆದರೆ ಮಾಡಿದ್ದು ನಾನೇ. ಬಹುಶಃ ಈ ಗೆರೆಯ ಈಚೆಗಿನದೆಲ್ಲ ಹಾಗೇ ಆಗಿದೆ."

ಬಡಗಿ ಮಾಮ, "ಸೊಂಟ ಅಂತ ನಾನು ಅವತ್ತೇ ಹೇಳಿದೆ," ಅಂತ ಗೊಣಗಿದ. ಚಿಕ್ಕಮ್ಮನ ಮುಖ ನೋಡೋಕೆ ಆಗಲಿಲ್ಲ.

ಯಜಮಾನರು ನನ್ನನ್ನೊಮ್ಮೆ, ಡುಮ್ಮನನ್ನೊಮ್ಮೆ ನೋಡಿ ಅಂಗಿಯ ತೋಳು ಮಡಚಿದರು. "ಕೊಡಿಲ್ಲಿ. ನನಗೆ ಈ ಪೆಟ್ಟಿಗೆ ಮೇಲೆ ಅಂಥ ಪ್ರೀತಿ ಏನೂ ಇಲ್ಲ." ಎತ್ತಿದರು, ಬಿಟ್ಟರು.

ಛಿಲ್.

ಮೊದಲ ದಿನ ಎಷ್ಟು ಚೆನ್ನಾಗಿ ಕೇಳಿತ್ತು ಆ ಶಬ್ದ.

ಅವರು ಬೈಯಲಿಲ್ಲ. ನೀಲಿ ಚೂರುಗಳನ್ನು ತಾವೇ ಟವೆಲಿಗೆ ಆಯ್ದುಕೊಂಡರು. ಬಾಗಿಲಲ್ಲಿ ನಿಂತು, "ಹದಿನಾರಕ್ಕೆ ಈ ಕಡೆ ಬರೋದಿದೆ. ಬೇಕಿದ್ದರೆ ಇನ್ನೊಂದು ಸಲ ನೋಡ್ತೀನಿ. ಆದರೆ ಆ ಹುಡುಗಿ ಕೈಯಲ್ಲಿ ಕೊಡಬೇಡಿ," ಅಂದರು.

ಅವರು ಹೋದ ಮೇಲೆ ಚಿಕ್ಕಮ್ಮ ಹುಲ್ಲಿನ ಮೂಟೆಯ ಮೇಲೆ ಕೂತಳು. ಆಮೇಲೆ ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆ ಅಂತ ಹತ್ತಿರ ಹೋದರೆ ನಗುತ್ತಿದ್ದಾಳೆ.

"ನಿನ್ನ ಬಾಯಿ ಸರಿಯಿದೆ ಕಣೇ. ಅದಕ್ಕೆ ನಾನು ಏನೂ ಅನ್ನಲ್ಲ. ಈ ಕಾಲನ್ನ ಏನು ಮಾಡೋದು ಹೇಳು."

ಏಪ್ರಿಲ್ 5, ಶುಕ್ರವಾರ

ಕಾಲು ಕಟ್ಟಿ ಹಾಕಿ ನೋಡಿದೆವು. ಮೊಣಕೈ ಮುಂದೆ ಬಂತು. ಕಣ್ಣು ಕಟ್ಟಿದರು. ಹೊಟ್ಟೆ ಮುಂದೆ ಬಂತು. ಬಡಗಿ ಮಾಮ ಸೋತು, ಮೇಜಿನ ನಡುವೆ ಎರಡು ಕದದ ಒಂದು ಹಲಗೆ ಕೂಡಿಸಿದ. ಮೇಲೆ ಪೆಟ್ಟಿಗೆ ಇಟ್ಟು ದಾರ ಎಳೆದರೆ ಕದ ತೆರೆದು ಪೆಟ್ಟಿಗೆ ಬೀಳುತ್ತದೆ. ಕೆಳಗೆ ಯಾರ ಕಾಲೂ ಹೋಗದ ಹಾಗೆ ಜಾಲರಿ ಬೇರೆ. ಜಾಲರಿ ಯಾರಿಗಾಗಿ ಅಂತ ಅವನು ಹೇಳಲಿಲ್ಲ.

ಕಿವುಡಿ ಒಡೆಯಿತು. ಸೊಟ್ಟಮೂತಿ ಒಡೆಯಿತು. ಕರಿಮಚ್ಚೆ ಒಡೆಯಿತು. ಗೆರೆಯ ಈಚೆಗಿದ್ದದ್ದನ್ನೆಲ್ಲ ನಾನೇ ಒರೆಸಿದೆ.

ಒಂದು ವಿಷಯ ಮಾತ್ರ ಗೊತ್ತಾಯಿತು. ಎಲ್ಲವೂ ಮೂಲೆಯಿಂದಲೇ ಬಿರುಕು ಬಿಟ್ಟಿವೆ.

ಏಪ್ರಿಲ್ 6, ಶನಿವಾರ

ಕರಿಮಚ್ಚೆಯ ಮೂಲೆಗೆ ಬೆರಳು ಹಾಕಿ ಕೆದಕಿದೆ. ಬಿಳಿ ನೂಲು ಅಲ್ಲಿವರೆಗೆ ಹೋಗಿಯೇ ಇಲ್ಲ. ಬರೀ ಪುಡಿ, ಸುರ್ರಂತ ಉದುರಿತು. ಎಂಟೂ ಮೂಲೆ ಹಾಗೇ.

"ಇದಕ್ಕೂ ಮೂಲೆ ಆಗಿಬರಲ್ಲ," ಅಂದೆ. "ನನ್ನನ್ನೂ ಮೇಷ್ಟ್ರು ಮೂಲೇಲಿ ನಿಲ್ಲಿಸ್ತಿದ್ದರು."

ಚಿಕ್ಕಮ್ಮ ನಗಲಿಲ್ಲ. ಗೋಡೆಗೆ ಅಂಟಿಸಿದ್ದ ತನ್ನ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಎಲ್ಲವೂ ಚಾಕುವಿನಲ್ಲಿ ಕತ್ತರಿಸಿದ ಹಾಗೆ ಚೂಪು ಮೂಲೆಯ ಪೆಟ್ಟಿಗೆಗಳು.

"ಥರ್ಮಾಕೋಲ್," ಅಂದಳು. "ಅದಾದರೆ ಎಲ್ಲಿಗೆ ಬೇಕಾದರೂ ತಳ್ಳಬಹುದು, ಎಂಥ ಮೂಲೆಗೂ ಹೋಗುತ್ತೆ. ಇಷ್ಟು ದಿನ ನಾನು ಅದನ್ನೇ ಬರೀತಿದ್ದೆ ನೋಡು. ಅಲ್ಲಿ ಕೂತು ಬರೆದ ಕೈ ಇದು."

"ನಿಮ್ಮ ಕೈ, ಇವಳ ಕಾಲು. ಚೆನ್ನಾಗಿದೆ ಮನೆತನ," ಅಂದ ಬಡಗಿ ಮಾಮ.

ಹೊಸ ಕಾಗದ ತೆಗೆದು ಬರೆಯಲು ಕೂತಳು. ಮೂಲೆ ಬರುವ ಕಡೆಯೆಲ್ಲ ನಾನು ಪೆನ್ಸಿಲ್ ಹಿಡಿದ ಅವಳ ಕೈಯನ್ನು ತಳ್ಳುತ್ತಿದ್ದೆ. ಗುಂಡಗೆ ಬಂತು. ಪೆಟ್ಟಿಗೆಯ ಹಾಗೆ ಕಾಣುವುದಿಲ್ಲ, ತಲೆದಿಂಬಿನ ಹಾಗೆ ಕಾಣುತ್ತದೆ. ಇಬ್ಬರೂ ನೋಡಿ ನೋಡಿ ನಕ್ಕೆವು.

ಏಪ್ರಿಲ್ 7, ಭಾನುವಾರ

ಬಡಗಿ ಮಾಮ ರಜೆಯ ದಿನವೂ ಬಂದು ಮೂರು ಅಚ್ಚು ಕಡೆದುಕೊಟ್ಟ. ಸಂಜೆಯೊಳಗೆ ತುಂಬಿದೆವು. ಇವತ್ತು ತುಂಬಿದರೆ ಮುಂದಿನ ಭಾನುವಾರ ಬಿಚ್ಚಬಹುದು, ಸೋಮವಾರ ಒಲೆ, ಮಂಗಳವಾರ ಯಜಮಾನರು. ಮೊದಲೇ ಬೀಳಿಸಿ ನೋಡೋಕೆ ಸಮಯವಿಲ್ಲ.

ಅಮ್ಮ ಊಟಕ್ಕೆ ಕರೆಯಲು ಫೋನ್ ಮಾಡಿದಳಂತೆ. ಕೇಳಿಸಲಿಲ್ಲ.

ಏಪ್ರಿಲ್ 11, ಗುರುವಾರ

ಒಂದು ಅಚ್ಚಿನಲ್ಲಿ ಹಸಿರು ಬಂದಿದೆ. ಹಸಿರು ಬಂದರೆ ಅದು ಬೇರೆ ಬೂಷ್ಟು, ಹೆಪ್ಪನ್ನೇ ತಿಂದುಹಾಕುತ್ತದೆ. ಹೊರಗೆ ಒಯ್ದು ಹೂತೆವು. ಎರಡು ಉಳಿದಿವೆ. ಅವುಗಳ ಕೋಣೆಯಲ್ಲಿ ಸೀನು ಬಂದರೆ ಅಂತ ಹೆದರಿ ಮೂಗು ಹಿಡಿದುಕೊಂಡೇ ಹೋಗುತ್ತೇನೆ. ಹೆಸರಿಡಬಾರದು ಅಂತ ತೀರ್ಮಾನಿಸಿದ್ದೇನೆ.

ಏಪ್ರಿಲ್ 14, ಭಾನುವಾರ

ಬಿಚ್ಚಿದೆವು. ಎರಡೂ ಮೂಲೆ ಮೂಲೆಗೂ ಬಿಳಿ. ಅಲ್ಲ, ಮೂಲೆಯೇ ಇಲ್ಲವಲ್ಲ. ಅಂತೂ ಎಲ್ಲೆಲ್ಲೂ ಬಿಳಿ. ಬೆರಳಲ್ಲಿ ತಟ್ಟಿದರೆ ಕಲ್ಲಂಗಡಿ ತಟ್ಟಿದ ಹಾಗೆ ಟಕ್ ಅನ್ನುತ್ತದೆ.

ಏಪ್ರಿಲ್ 16, ಮಂಗಳವಾರ

ಕಾಲು ಇನ್ನೂ ನಡುಗುತ್ತಿದೆ, ಓಡಿ ಓಡಿ. ಆದರೂ ಬರೆಯುತ್ತೇನೆ.

ಯಜಮಾನರು ಬಂದರು. ಈ ಸಲದ ಗೋಳ ಹಳದಿ. ಚಿಕ್ಕಮ್ಮ, "ಇದನ್ನ ನಾವೂ ಬೀಳಿಸಿ ನೋಡಿಲ್ಲ ಸರ್. ಏನಾಗುತ್ತೋ ನಿಮ್ಮ ಜೊತೆಗೇ ನೋಡ್ತೀವಿ," ಅಂದಳು. ನಾನು ಅವಳಿಗೆ ಹೇಳಿಕೊಟ್ಟದ್ದಲ್ಲ. ತಾನಾಗಿಯೇ ಅಂದಳು.

ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಪಕ್ಕದಲ್ಲಿ ಬಡಗಿ ಮಾಮನನ್ನು ಕಾವಲಿಗೆ ನಿಲ್ಲಿಸಿದರು. ಯಜಮಾನರು ಬಗ್ಗಿ ನೋಡೋಕೆ ಆಗುವುದಿಲ್ಲ ಅಂದದ್ದರಿಂದ ಜಾಲರಿ ತೆಗೆದು ಬದಿಗಿಟ್ಟೆವು. ಅವರೇ ದಾರ ಎಳೆದರು. ಕದ ತೆರೆಯಿತು. ಪೆಟ್ಟಿಗೆ ಬಿತ್ತು. ಕಿವಿಗೊಟ್ಟೆ. ಏನೂ ಕೇಳಲಿಲ್ಲ. ಏಕೆಂದರೆ ಪೆಟ್ಟಿಗೆ ಅಲ್ಲಿ ನಿಲ್ಲಲಿಲ್ಲ.

ಈ ಶೆಡ್ಡು ಹಿಂದೆ ಐಸ್ ಕಾರ್ಖಾನೆಯಾಗಿತ್ತು. ಕರಗಿದ ನೀರು ಹೊರಗೆ ಹೋಗಲಿ ಅಂತ ನೆಲವನ್ನು ಬಾಗಿಲ ಕಡೆಗೆ ಇಳಿಜಾರಾಗಿ ಕಟ್ಟಿದ್ದಾರೆ. ಮೂಲೆ ಇದ್ದ ಪೆಟ್ಟಿಗೆಗಳಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. ಇದಕ್ಕೆ ಗೊತ್ತಾಯಿತು. ಒಂದು ಪುಟಿತ, ಒಂದು ಪಲ್ಟಿ, ಆಮೇಲೆ ಲೋಕದ ಚಿಂತೆಯಿಲ್ಲದೆ ಉರುಳಿಕೊಂಡು ಹೊಸಿಲು ಹಾರಿ ಬೀದಿಗೆ ಹೋಯಿತು. ಬೀದಿ ಇನ್ನೂ ಇಳಿಜಾರು.

"ನನ್ನ ಗೋಳ," ಅಂದರು ಯಜಮಾನರು, ಓಡುತ್ತಲೇ. ಆ ಮೈಯಲ್ಲಿ ಅಷ್ಟು ಓಟ ಇದೆ ಅಂತ ಯಾರಿಗೆ ಗೊತ್ತಿತ್ತು. ಅವರ ಹಿಂದೆ ಚಿಕ್ಕಮ್ಮ, ಅವಳ ಹಿಂದೆ ನಾನು, ನನ್ನ ತೋಳು ಹಿಡಿದುಕೊಂಡೇ ಬಡಗಿ ಮಾಮ. "ಕಾಲು ಕೊಡಬೇಡ," ಅಂತ ಕೂಗುತ್ತಿದ್ದ, "ಕಾಲು ಮಾತ್ರ ಕೊಡಬೇಡ." ಪೆಟ್ಟಿಗೆ ಒಂದು ಸೈಕಲ್ಲಿಗೆ ಬಡಿದು ದಾರಿ ಬದಲಿಸಿತು, ಹಾಲಿನ ಅಂಗಡಿಯ ಮೆಟ್ಟಿಲು ಹತ್ತಿ ಇಳಿಯಿತು. ಯಜಮಾನರ ಒಂದು ಚಪ್ಪಲಿ ಹಿಂದೆ ಉಳಿಯಿತು. ಕೊನೆಗೆ ನೀರಿನ ಟ್ಯಾಂಕಿನ ಗೋಡೆಗೆ ಹೋಗಿ ಡಬ್ ಅಂತ ಗುದ್ದಿ ನಿಂತಿತು.

ಎಲ್ಲರೂ ಸುತ್ತ ನಿಂತು ಏದುಸಿರು ಬಿಟ್ಟೆವು. ತೆರೆಯೋಕೆ ಯಾರಿಗೂ ಕೈ ಬರಲಿಲ್ಲ.

ಯಜಮಾನರು ರಸ್ತೆಯ ಮೇಲೇ ಕೂತು ತೆರೆದರು. ಎರಡು ಕೈಯಲ್ಲಿ ಹಳದಿ ಗೋಳ ಎತ್ತಿ ಬಿಸಿಲಿಗೆ ಹಿಡಿದರು, ತಿರುಗಿಸಿದರು, ಉಗುರಿನಲ್ಲಿ ತಟ್ಟಿದರು. ಗಂಟೆಯ ಹಾಗೆ ಇಂಪಾಗಿ ಕೇಳಿತು. ಒಡೆದ ಗಾಜು ಹಾಗೆ ಅನ್ನುವುದಿಲ್ಲ, ಅಷ್ಟು ನನಗೂ ಗೊತ್ತು.

"ಇದನ್ನ ಲಾರೀಲಿ ಹೇಗಮ್ಮ ಜೋಡಿಸೋದು? ಊರು ಸುತ್ತೋಕೆ ಹೋಗುತ್ತಲ್ಲ."

"ಅಡಿ ಚಪ್ಪಟೆ ಮಾಡ್ತೀನಿ ಸರ್," ಅಂದಳು ಚಿಕ್ಕಮ್ಮ.

"ಮಾಡಿ. ಮಾಡಿ ಕಳಿಸಿ. ನನ್ನ ಎಲ್ಲ ದೀಪಕ್ಕೂ." ಆಮೇಲೆ ನನ್ನನ್ನು ಕರೆದು, "ನಿನ್ನ ಕಾಲು ಹೇಗಿದೆ?" ಅಂತ ಕೇಳಿ, "ಹೋಗಿ ನನ್ನ ಚಪ್ಪಲಿ ತಗೊಂಡು ಬಾ," ಅಂದರು.

ಚಿಕ್ಕಮ್ಮ ನಡುಬೀದಿಯಲ್ಲಿ ಒಂದು ಸುತ್ತು ಕುಣಿದಳು. ಹಾಲಿನ ಅಂಗಡಿಯವನು ನೋಡುತ್ತಿದ್ದ. ನಾನು ಎರಡು ಸುತ್ತು ಕುಣಿದೆ. ಅವಳು ಸಂಜೆಯೇ ಥರ್ಮಾಕೋಲ್ ಕಾರ್ಖಾನೆಗೆ ಫೋನ್ ಮಾಡಿ, ನನ್ನ ಮೇಜು ಬೇರೆಯವರಿಗೆ ಕೊಡಿ ಅಂದಳು.

ಏಪ್ರಿಲ್ 17, ಬುಧವಾರ

ಬೆಳಿಗ್ಗೆ ಅಮ್ಮ ತಾನಾಗಿಯೇ ಶೆಡ್ಡಿಗೆ ಬಂದಳು. ಬಾಗಿಲಲ್ಲಿ ನಿಂತು, "ಅಂತೂ ಗೆದ್ದಿರಲ್ಲ," ಅಂದಳು. ಆಮೇಲೆ ನನಗೆ, "ಒಂದೂವರೆ ತಿಂಗಳು ದುಡಿದಿದೀಯ. ಅವಳ ಗಂಡಾಂತರ ಕಳೀತು. ಬೇಜಾರಾಗಿದ್ದರೆ ಬಿಟ್ಟುಬಿಡು, ನಾನು ಏನೂ ಅನ್ನಲ್ಲ. ನಾಳೆ ಅತ್ತೆ ಊರಿಗೆ ಹೋಗೋಣ, ಬರ್ತೀಯಾ?" ಅಂದಳು.

"ನಾಳೆ ಆಗಲ್ಲಮ್ಮ," ಅಂದೆ, "ಚಪ್ಪಟೆ ಅಡಿಯ ಅಚ್ಚು ತುಂಬಬೇಕು. ತುಂಬಿದ ಮೇಲೆ ಒಂದು ವಾರ ಕಾಯಬೇಕು. ಬಿಚ್ಚುವ ದಿನ ನಾನಿಲ್ಲದಿದ್ದರೆ ಇವರು ಅಂಚು ಕೀಳ್ತಾರೆ. ಅದಾದ ಮೇಲೆ ಅದು ನಿಲ್ಲುತ್ತಾ ಉರುಳುತ್ತಾ ನೋಡಬೇಕಲ್ಲ. ಆಮೇಲೆ ಇನ್ನೊಂದು ಅಳತೆಯದು ಇದೆ, ಉದ್ದ ದೀಪದ್ದು, ಅದರ ಕುತ್ತಿಗೆಗೆ ಹೆಪ್ಪು ಹೋಗುತ್ತೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಮುಂದಿನ ತಿಂಗಳೂ ಕಷ್ಟ."

ಅಮ್ಮ ನನ್ನ ಮುಖ ನೋಡಿದಳು. ಚಿಕ್ಕಮ್ಮನ ಮುಖ ನೋಡಿದಳು. ಆಮೇಲೆ ಇಬ್ಬರೂ ಒಟ್ಟಿಗೆ ನಗಲು ಶುರು ಮಾಡಿದರು. ನಿಲ್ಲಿಸಲೇ ಇಲ್ಲ. ಅಮ್ಮ ಹುಲ್ಲಿನ ಮೂಟೆ ಹಿಡಿದುಕೊಂಡು ಕೂತೇಬಿಟ್ಟಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ.

ಅದರಲ್ಲಿ ನಗುವಂಥದ್ದು ಏನಿತ್ತು ಅಂತ ಕೇಳಿದೆ. ಇಬ್ಬರೂ ಹೇಳಲಿಲ್ಲ. ನನಗೆ ನಿಂತು ಕೇಳೋಕೆ ಪುರುಸೊತ್ತೂ ಇರಲಿಲ್ಲ, ಒಲೆಯ ಮೇಲೆ ಹುಲ್ಲು ಬೇಯುತ್ತಿತ್ತು.